ಹಲ್ಲಿನಲ್ಲಿ ಕೇಳುವ ಮಿಸ್ತ್ರಿ

ಲೋಕದ ಜನ ಕಿವಿಯಲ್ಲಿ ಕೇಳುತ್ತಾರೆ. ನೇಪಾಳದ ಗಡಿಗೆ ತಾಗಿದ ಬೆಟ್ಟದೂರು ಮಾನೇಭಂಜ್ಯಾಂಗಿನ ಹರ್ಕಬೀರ್ ಬಿಶ್ವಕರ್ಮ ಹಲ್ಲಿನಲ್ಲಿ ಕೇಳುತ್ತಿದ್ದ. ನಗಬೇಡಿ, ಕಾರಣ ಇದೆ. ಮೀಸೆ ಮೂಡುವ ಮೊದಲೇ ಅಪ್ಪನ ಕುಲುಮೆಯಲ್ಲಿ ಸುತ್ತಿಗೆ ಹಿಡಿದವನು ಅವನು. ಬಡಿದು ಬಡಿದು ಎರಡು ಕಿವಿಗಳೂ ಅರ್ಧ ಬಾಗಿಲು ಹಾಕಿಕೊಂಡಿದ್ದವು. ಇಂಜಿನ್ನಿನ ಸದ್ದು ಕೇಳಿಸದವನನ್ನು ಯಾರು ತಾನೇ ಗಾಡಿ ರಿಪೇರಿಯ ಮಿಸ್ತ್ರಿ ಎಂದಾರು? ಅದಕ್ಕೇ ಅವನು ಒಂದು ದಾರಿ ಹುಡುಕಿಕೊಂಡಿದ್ದ. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರನ್ನು ಓಡುತ್ತಿರುವ ಇಂಜಿನ್ನಿನ ಮೇಲೆ ಊರುವುದು, ಹಿಡಿಯನ್ನು ಹಲ್ಲಲ್ಲಿ ಕಚ್ಚುವುದು, ಕಣ್ಣು ಮುಚ್ಚಿ ನಿಲ್ಲುವುದು. ಒಳಗಿನ ಗುಟ್ಟೆಲ್ಲ ಕಬ್ಬಿಣದಿಂದ ಮರಕ್ಕೆ, ಮರದಿಂದ ಹಲ್ಲಿಗೆ, ಹಲ್ಲಿನಿಂದ ಬುರುಡೆಗೆ ಹತ್ತಿ ಬರುತ್ತಿತ್ತು. ಆಮೇಲೆ ಹಿಡಿಯನ್ನು ಬಾಯಿಂದ ತೆಗೆದು, ಒರೆಸಿ, "ಎರಡನೇ ಸಿಲಿಂಡರು, ಒಳಗೆ ಗಾಳಿ ತಗೊಳ್ಳೋ ವಾಲ್ವು" ಎಂದುಬಿಟ್ಟರೆ ಮುಗಿಯಿತು, ಅದೇ ಆಗಿರುತ್ತಿತ್ತು. ಪ್ರವಾಸಿಗರನ್ನು ಬೆಟ್ಟ ಹತ್ತಿಸುವ ಸ್ಟ್ಯಾಂಡಿನ ಲ್ಯಾಂಡ್ ರೋವರುಗಳೆಲ್ಲ ಅವನ ಬಾಯಿಗೆ ಹೆದರುತ್ತಿದ್ದವು.

ಆ ಗಾಡಿಗಳೋ, ಓಡಿಸುವವರ ಅಪ್ಪಂದಿರಿಗಿಂತ ವಯಸ್ಸಾದವು. ಟೀ ತೋಟದ ಸಾಹೇಬರು ಊರು ಬಿಟ್ಟಾಗ ಬಿಟ್ಟುಹೋದಂಥವು, ಸಂದಕ್‌ಫು ಶಿಖರದ ಏರಿನಲ್ಲಿ ಇಂದಿಗೂ ಏದುಸಿರು ಬಿಡುತ್ತ ಹತ್ತುತ್ತವೆ. ಅಂಥ ಇಂಜಿನ್ನಿನ ತಲೆಯ ಮೇಲೆ ವಾಲ್ವು ಎಂಬ ಪುಟ್ಟ ಬಾಗಿಲುಗಳು, ಅವುಗಳನ್ನು ತಟ್ಟಿ ತೆರೆಯುವ ರಾಕರು ಎಂಬ ಕೈಗಳು. ಈ ಜೋಡಣೆಗೇ ಮಿಸ್ತ್ರಿಗಳು ಟ್ಯಾಪೆಟ್ ಎನ್ನುತ್ತಾರೆ. ಬಾಗಿಲಿಗೂ ಕೈಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಆ ಸಂದು ಹೆಚ್ಚಾದರೆ ಟಿಕ್ ಟಿಕ್ ಎಂದು ಸದ್ದು. ಇಲ್ಲವೇ ಇಲ್ಲ ಎಂದಾದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಬೆಂಕಿ ಅಂಚಿನಲ್ಲಿ ನುಗ್ಗಿ ವಾಲ್ವನ್ನೇ ಸುಟ್ಟುಬಿಡುತ್ತದೆ. ಇದನ್ನೇ ಹರ್ಕಬೀರನ ಅಪ್ಪ, ಎಲ್ಲರೂ ಬಾ ಎಂದೇ ಕರೆಯುತ್ತಿದ್ದ ಮುದುಕ, ಬೀಡಿ ಕಚ್ಚಿಕೊಂಡು ಹೇಳುತ್ತಿದ್ದ: "ಗೊಣಗೋ ಟ್ಯಾಪೆಟ್ ಬದುಕುತ್ತೆ ಕಣೋ. ಬಾಯಿ ಮುಚ್ಚಿಕೊಂಡಿದ್ದು ಒಳಗೊಳಗೇ ಸುಟ್ಟುಕೊಂಡು ಸಾಯುತ್ತೆ. ಹೆಂಡ್ತಿ ವಿಷಯದಲ್ಲೂ ಅಷ್ಟೇ."

ಹರ್ಕಬೀರನ ಹೆಂಡತಿ ಫೂಲ್‌ಮತಿ ಬಹಳ ಕಾಲ ಬದುಕುವ ಜಾತಿ. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

ಹೀಗೆ ಹಲ್ಲೇ ಬಂಡವಾಳವಾಗಿದ್ದ ಮನುಷ್ಯ ಅದನ್ನು ಜೋಪಾನ ಮಾಡಬೇಕೋ ಬೇಡವೋ? ಹಗಲೆಲ್ಲ ಚುರ್ಪಿ ಜಗಿಯುತ್ತಿದ್ದ. ಯಾಕ್ ತಳಿಯ ಚೌರಿ ಹಸುವಿನ ಹಾಲನ್ನು ಗಟ್ಟಿ ಮಾಡಿ ಹೊಗೆಯಲ್ಲಿ ಒಣಗಿಸಿದ ತುಂಡು ಅದು. ಒಂದು ತುಂಡು ಬಾಯಿಗೆ ಹಾಕಿದರೆ ಬೆಟ್ಟ ಹತ್ತಿ ಇಳಿಯುವವರೆಗೂ ಕರಗದು. ಕಲ್ಲಿಗೂ ಅದಕ್ಕೂ ವ್ಯತ್ಯಾಸ ರುಚಿಯಲ್ಲಿ ಮಾತ್ರ. ಒಂದು ಚಳಿಗಾಲ ದವಡೆ ಹಲ್ಲು ಸೀಳಿತು, ಮುಂದಿನ ಚಳಿಗಾಲಕ್ಕೆ ಮುಂದಿನವು ಅಲ್ಲಾಡಿದವು. ಕೊನೆಗೆ ಫೂಲ್‌ಮತಿಯೇ ರಟ್ಟೆ ಹಿಡಿದು ಬೆಟ್ಟದ ಕೆಳಗಿನ ಸಿಲಿಗುಡಿಗೆ ಕರೆದುಕೊಂಡು ಹೋಗಿ, ಉಳಿದದ್ದನ್ನೆಲ್ಲ ಕೀಳಿಸಿ, ಬಾಯಿ ತುಂಬ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿದಳು.

"ಮದುವೆ ಗಂಡಿನ ಹಾಗೆ ಕಾಣ್ತೀಯಾ ಬೂಢಾ" ಎಂದಳು ಮುದುಕ ಗಂಡನಿಗೆ, ಮರಳಿ ಬರುವಾಗ.

"ಹೆಣ್ಣು ಯಾರು ಮತ್ತೆ?"

"ನೀನೇ ಹುಡುಕ್ಕೋ. ನಂಗೆ ಮನೇಲಿ ಹಂದಿಗೆ ಮೇವು ಹಾಕೋ ಕೆಲಸ ಇದೆ."

ಸೆಟ್ಟು ಕೊಂಚ ಸಡಿಲವಾಗಿತ್ತು. ಒಸಡು ಒಣಗಿದ ಮೇಲೆ ಇನ್ನೊಮ್ಮೆ ಬನ್ನಿ, ಬಿಗಿ ಮಾಡಿಕೊಡುತ್ತೇನೆ ಎಂದಿದ್ದ ಡಾಕ್ಟರು. "ಆ ಸೆಕೆಗೆ ಇನ್ನೊಂದು ಸಲ ಇಳಿಯೋಕೆ ನನಗೇನು ಹುಚ್ಚು ನಾಯಿ ಕಚ್ಚಿದೆಯಾ?" ಎಂದು ಹರ್ಕಬೀರ್ ಹೋಗಲೇ ಇಲ್ಲ. ಎಲ್ಲ ಅನಾಹುತಕ್ಕೂ ಬೇರು ಇಲ್ಲಿದೆ ನೋಡಿ, ಈ ಸೋಮಾರಿತನದಲ್ಲಿ.

ಹೊಸ ಹಲ್ಲು ಬಂದ ಮೇಲೆ ಅವನ ಮುಂದೆ ಬಂದು ನಿಂತ ಮೊದಲ ಗಾಡಿ ಪಬಿತ್ರಾ ಮುಖಿಯಾಳದು. ಪಬಿತ್ರಾ ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಹೋದ ಮೇಲೆ ಸ್ಟೇರಿಂಗು ತಾನೇ ಹಿಡಿದಳು. ಸ್ಟ್ಯಾಂಡಿನಲ್ಲಿ ಉಳಿದವರೆಲ್ಲ ಸಾಹೇಬರ ಕಾಲದ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ಲಿನದು ಕೂರಿಸಿಕೊಂಡಿದ್ದರು. ಅವಳ ಗಾಡಿಯಲ್ಲಿ ಮಾತ್ರ ಹುಟ್ಟಿನ ಇಂಜಿನ್ನೇ ಇತ್ತು. ಅದನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದವರು ಬಾ ಮತ್ತು ಆಗಿನ್ನೂ ಹೊಸದಾಗಿ ಮದುವೆಯಾಗಿದ್ದ ಹರ್ಕಬೀರ್. ಬಾ ಕೈಯಾರೆ ಮಾಡಿದ ಕೆಲಸದಲ್ಲಿ ಜೀವಂತ ಉಳಿದದ್ದು ಅದೊಂದೇ. ಅಪ್ಪನ ಫೋಟೋ ಕೂಡ ಹರ್ಕಬೀರನ ಬಳಿ ಇರಲಿಲ್ಲ, ಆ ಇಂಜಿನ್ನೇ ಇತ್ತು.

ಪಬಿತ್ರಾ ಬಂದದ್ದು ಬರೀ ಆಯಿಲ್ ಬದಲಾಯಿಸಲಿಕ್ಕೆ. ಹರ್ಕಬೀರ್ ಅಭ್ಯಾಸದಂತೆ ಸ್ಕ್ರೂಡ್ರೈವರ್ ಊರಿ, ಹೊಸ ಹಲ್ಲಲ್ಲಿ ಹಿಡಿ ಕಚ್ಚಿದ. ಟಿಕ್ ಟಿಕ್ ಟಿಕ್ ಟಿಕ್!

"ಬಹಿನಿ, ಟ್ಯಾಪೆಟ್ ಬಡೀತಾ ಇದೆ." ಬಹಿನಿ ಎಂದರೆ ತಂಗಿ; ಅವಳ ಬಾಯಲ್ಲಿ ಅವನು ದಾಜು, ಅಣ್ಣ.

"ನಂಗೇನೂ ಕೇಳಿಸ್ತಿಲ್ವಲ್ಲ ದಾಜು."

"ನಿನ್ನ ಕಿವಿಗೆ ಕೇಳಿಸೋ ಹೊತ್ತಿಗೆ ಇಂಜಿನ್ನಿನ ತಿಥಿ ಊಟ ಆಗಿರುತ್ತೆ."

ಮುಚ್ಚಳ ತೆಗೆದ. ಸದ್ದು ಮಾಡುವ ರಾಕರನ್ನು ಹಿಡಿಯುವ ದಾರಿ ಸುಲಭ: ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಸಂದಿಗೂ ತೆಳ್ಳನೆಯ ಫಿಲ್ಲರು ಪಟ್ಟಿಯನ್ನು ತೂರಿಸುತ್ತ ಹೋಗಬೇಕು; ಯಾವುದರಲ್ಲಿ ತೂರಿಸಿದಾಗ ಸದ್ದು ಸಾಯುತ್ತದೋ ಅದೇ ಕಳ್ಳ. ಹಿಡಿ ಕಚ್ಚಿಕೊಂಡೇ ಒಂದರಲ್ಲಿ ತೂರಿಸಿದ, ಟಿಕ್ ಟಿಕ್. ಇನ್ನೊಂದರಲ್ಲಿ, ಟಿಕ್ ಟಿಕ್. ಎಲ್ಲದರಲ್ಲೂ ಮುಗಿಯಿತು, ಕಳ್ಳ ಸಿಗಲಿಲ್ಲ. ಹಾಗಾದರೆ ಎಲ್ಲವೂ ಸಡಿಲ ಎಂದುಕೊಂಡು ಎಲ್ಲವನ್ನೂ ಒಂದು ಕೂದಲಿನಷ್ಟು ಬಿಗಿ ಮಾಡಿದ. ಆಗಲೂ ಟಿಕ್ ಟಿಕ್. ಇನ್ನೊಂದು ಕೂದಲು. ಊಹೂಂ, ಹಟಮಾರಿ ಸದ್ದು ಕದಲಲಿಲ್ಲ.

ಆ ವಾರ ಪಬಿತ್ರಾಳ ಗಾಡಿ ಚಿತ್ರೆ ಎಂಬ ಹಳ್ಳಿಯ ಏರಿನಲ್ಲಿ ಮೊದಲ ಸಲ ನಿಂತುಬಿಟ್ಟಿತು. ಕಾರ್ಬೊರೇಟರಿನಿಂದ ಸೀನುತ್ತ, ಕೆಮ್ಮುತ್ತ, ಪ್ರವಾಸಿಗರನ್ನು ಇಳಿಸಿ ತಳ್ಳಿಸಿಕೊಂಡಿತು. ಕಲ್ಕತ್ತಾದ ಒಬ್ಬ ದಪ್ಪ ಬಾಬು ತಳ್ಳಿ ತಳ್ಳಿ ರಸ್ತೆಯಲ್ಲೇ ಕೂತು, ನಡೆದೇ ಹೋಗಿದ್ದರೆ ಇಷ್ಟು ಹೊತ್ತಿಗೆ ಮೇಲಿರುತ್ತಿದ್ದೆ ಎಂದನಂತೆ.

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದ ಹರ್ಕಬೀರ್. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತಾನು ಬಿಗಿ ಮಾಡಿದ್ದಕ್ಕೇ ವಾಲ್ವು ಮುಚ್ಚದೆ ಇಂಜಿನ್ನಿನ ಉಸಿರು ಸೋರುತ್ತಿದೆ ಎಂದು ಹೊಳೆಯಬೇಕಾದ ಮಿಸ್ತ್ರಿಗೆ ಹೊಳೆಯಲಿಲ್ಲ. ಯಾಕೆಂದರೆ ಹಲ್ಲು ಹೇಳುತ್ತಿತ್ತಲ್ಲ, ಸಂದು ಇನ್ನೂ ಹೆಚ್ಚಿದೆ ಅಂತ! ಇಷ್ಟು ವರ್ಷ ಸುಳ್ಳು ಹೇಳದ ಹಲ್ಲು.

ರಾಕರುಗಳನ್ನು ಪೂರ್ತಿ ಇಳಿಸಿ ನೋಡಿದ, ಸವೆದಿರಲಿಲ್ಲ. ಅವುಗಳನ್ನು ಕೆಳಗಿನಿಂದ ತಳ್ಳುವ ಸರಳುಗಳು ಬಾಗಿವೆಯೇನೋ ಎಂದು ಫೂಲ್‌ಮತಿಯ ಮುಖ ನೋಡುವ ಕನ್ನಡಿಯನ್ನು ಗೋಡೆಯಿಂದ ಕಿತ್ತು, ಅದರ ಮೇಲೆ ಒಂದೊಂದನ್ನೂ ಉರುಳಿಸಿದ. ಎಲ್ಲ ನೆಟ್ಟಗೆ ಉರುಳಿದವು. ಫೂಲ್‌ಮತಿ ಮಾತ್ರ ನೆಟ್ಟಗಿರಲಿಲ್ಲ.

"ಕನ್ನಡಿ ತುಂಬ ಗ್ರೀಸು! ನಿನ್ನ ಇಂಜಿನ್ನಿಗೆ ಕುಂಕುಮ ಇಡಬೇಕಿತ್ತಾ?"

ಇಷ್ಟರಲ್ಲಿ ಬೇರೆ ಗಾಡಿಗಳಿಗೂ ರೋಗ ಹರಡಿತ್ತು. ಕುಸಾಂಗ್ ಎಂಬ ಬಾಯಿಬಡುಕ ಡ್ರೈವರಿನ ಗಾಡಿಯಲ್ಲೂ ಅದೇ ಟಿಕ್ ಟಿಕ್, ಅವನ ಪಕ್ಕದವನದರಲ್ಲೂ ಅದೇ. ಹರ್ಕಬೀರ್ ಎಲ್ಲರದನ್ನೂ ಬಿಗಿ ಮಾಡಿದ, ಎಲ್ಲರವೂ ಏರಿನಲ್ಲಿ ಸೊರಗಿದವು. ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ತಲೆಗೊಂದು ಮಾತು. ಬಂಕಿನವನು ಎಣ್ಣೆಗೆ ನೀರು ಬೆರೆಸಿದ್ದಾನೆ ಎಂದ ಒಬ್ಬ. ಗಡಿಯಾಗಿರುವ ಮೋರಿಯ ಆಚೆ ನೇಪಾಳದಿಂದ ಬಂದ ಇಂಜಿನ್ ಆಯಿಲ್ ಸರಿಯಿಲ್ಲ ಎಂದ ಇನ್ನೊಬ್ಬ. ಮೋರಿಯ ಆಚೆಯವನು ಅಲ್ಲೇ ಚಹಾ ಕುಡಿಯುತ್ತಿದ್ದುದರಿಂದ ಅದೊಂದು ಸಣ್ಣ ಜಗಳವೂ ಆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ, ನೀರು, ಎಣ್ಣೆ, ಗಡಿ ಎಲ್ಲವೂ ಡೊಂಕಾದವು. ಮಿಸ್ತ್ರಿಯ ಹಲ್ಲನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ.

ಕೊನೆಗೊಂದು ದಿನ ಹರ್ಕಬೀರ್ ಪಬಿತ್ರಾಳ ಅಂಗಳಕ್ಕೆ ಹೋಗಿ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಬಹಿನಿ, ಮೇಲಿನದೆಲ್ಲ ನೋಡ್ದೆ. ಉಳಿದಿದ್ದು ಹೊಟ್ಟೆಯೊಳಗೆ ಸರಳುಗಳನ್ನ ಎತ್ತೋ ಕ್ಯಾಮು. ಅದು ಸವೆದಿದ್ರೆ ಎಲ್ಲೂ ಸಿಗಲ್ಲ. ಇಂಜಿನ್ ಇಳಿಸಬೇಕು."

"ಇಳಿಸಿ?"

"ಡೀಸೆಲ್‌ದು ಕೂರಿಸೋದು. ಬೇರೆ ದಾರಿ ಇಲ್ಲ."

ಪಬಿತ್ರಾ ಸೊಪ್ಪು ಹೆಚ್ಚುತ್ತಿದ್ದ ಕುಡುಗೋಲನ್ನು ಕೆಳಗಿಟ್ಟಳು. "ಇದು ನಿಮ್ಮ ಬಾ ಕಟ್ಟಿದ ಇಂಜಿನ್ನು. ನೀನೇ ಸತ್ತಿದೆ ಅಂದ್ರೆ ಸತ್ತಿದೆ. ನಾನ್ಯಾಕೆ ಮಾತಾಡ್ಲಿ?" ಎಂದು ಮತ್ತೆ ಸೊಪ್ಪು ಹೆಚ್ಚತೊಡಗಿದಳು. ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗುತ್ತಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅಪ್ಪನನ್ನು ಎರಡನೇ ಸಲ ಸುಡಲು ಹೊರಟಂತೆ ಅವನ ಎದೆ ಭಾರವಾಗಿತ್ತು.

ಸಿಲಿಗುಡಿಯಿಂದ ಹಳೆಯ ಡೀಸೆಲ್ ಇಂಜಿನ್ ಹೊತ್ತ ಲಾರಿ ಬಿಶ್ವಕರ್ಮ ಪೂಜೆಯ ಮರುದಿನ ಬೆಳಿಗ್ಗೆ ಬರುವುದೆಂದು ನಿಶ್ಚಯವಾಯಿತು. ಪೂಜೆಯ ದಿನ ಹೇಗೂ ಯಾರೂ ಕೆಲಸ ಮಾಡುವಂತಿಲ್ಲ. ಅಂದು ಹತಿಯಾರುಗಳಿಗೆ ರಜೆ. ಸ್ಪ್ಯಾನರು, ಸುತ್ತಿಗೆ, ಇಕ್ಕಳ, ಎಲ್ಲವನ್ನೂ ತೊಳೆದು ದೇವರ ಮುಂದಿಟ್ಟು ಕೆಂಪು ಅಕ್ಷತೆಯ ಟೀಕಾ ಹಚ್ಚಿದ ಮೇಲೆ ಮರುದಿನದವರೆಗೆ ಅವನ್ನು ಮುಟ್ಟಿದವನ ಕೈ ಸೇದಿಹೋಗುತ್ತದೆ ಎಂದು ಬಾ ಹೆದರಿಸಿದ್ದು ಹರ್ಕಬೀರನಿಗೆ ಈಗಲೂ ಹೆದರಿಕೆ.

ಪೂಜೆಯ ಬೆಳಿಗ್ಗೆ ಅವನು ಸ್ನಾನ ಮಾಡಿ ಬರುವಷ್ಟರಲ್ಲಿ ಫೂಲ್‌ಮತಿ ಹತಿಯಾರುಗಳನ್ನೆಲ್ಲ ಚೆಂಡುಹೂವಿನ ನಡುವೆ ಒಪ್ಪವಾಗಿ ಜೋಡಿಸಿದ್ದಳು. ಉದ್ದನೆಯ ಸ್ಕ್ರೂಡ್ರೈವರಿನ ಪಕ್ಕದಲ್ಲಿ, ಬಾಳೆಎಲೆಯ ಮೇಲೆ, ಕೆಂಪು ಅಕ್ಷತೆ ಮೆತ್ತಿಸಿಕೊಂಡು, ಅವನು ಸ್ನಾನಕ್ಕೆ ತೆಗೆದಿಟ್ಟಿದ್ದ ಹಲ್ಲಿನ ಸೆಟ್ಟು ನಗುತ್ತ ಕೂತಿತ್ತು.

"ಏ ಬೂಢಿ! ಇದೇನಿದು?"

"ಯಾಕೆ? ಇದರಲ್ಲೇ ತಾನೇ ಕೆಲಸ ಮಾಡೋದು ನೀನು? ಇದೂ ಹತಿಯಾರೇ. ಟೀಕಾ ಹಚ್ಚಾಯ್ತು, ನಾಳೆವರೆಗೂ ಮುಟ್ಟಬೇಡ."

"ಮಟನ್ ಮಾಡಿದ್ದೀಯಲ್ಲೇ! ನಾನು ಹೆಂಗೆ ತಿನ್ಲಿ?"

"ರಸ ಕುಡಿ."

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಮಾಡಿದವನು ಇಂಥ ಹೆಂಡತಿಯನ್ನು ನೋಡಿಯೇ ಮಾಡಿರಬೇಕು. ಅವಳದು ಬರೀ ತಮಾಷೆ. ಆದರೆ ಟೀಕಾ ಬಿದ್ದ ಮೇಲೆ ತಮಾಷೆಯೂ ಶಾಸ್ತ್ರವೇ. ಹರ್ಕಬೀರ್ ಬೊಚ್ಚುಬಾಯಲ್ಲಿ ಗೊಣಗುತ್ತ ಸ್ಟ್ಯಾಂಡಿಗೆ ಹೋದ.

ಅಲ್ಲಿ ಗಾಡಿಗಳೆಲ್ಲ ಹಾರ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಪೂಜಾರಿ ಮುಗಿಸಿದ ಮೇಲೆ ಎಲ್ಲರೂ ಒಮ್ಮೆ ಇಂಜಿನ್ ಶುರು ಮಾಡುವುದು ಪದ್ಧತಿ. ಪಬಿತ್ರಾ ತನ್ನದನ್ನೂ ಶುರು ಮಾಡಿ, ಕೆಳಗಿಳಿದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಹರ್ಕಬೀರನಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಮಗುವಿನ ಕೆನ್ನೆಗೆ ಕೆನ್ನೆ ಕೊಡುವ ಹಾಗೆ ತನ್ನ ದವಡೆಯನ್ನು ಬಾನೆಟ್ಟಿನ ಅಂಚಿಗೆ ಒತ್ತಿ ಕಣ್ಣು ಮುಚ್ಚಿದ. ವಿದಾಯ ಹೇಳೋಣವೆಂದು, ಅಷ್ಟೇ.

ಒಳಗೆ ಟಿಕ್ ಟಿಕ್ ಇರಲಿಲ್ಲ.

ಮತ್ತೆ ಒತ್ತಿದ. ಇನ್ನೊಂದು ಕೆನ್ನೆ ಒತ್ತಿದ. ಟ್ಯಾಪೆಟ್ಟುಗಳ ಸದ್ದು ಚೂರೂ ಇಲ್ಲ, ಹಳೆಯ ಇಂಜಿನ್ನು ಹಾಡಬೇಕಾದ ಗೊಣಗಾಟವೂ ಇಲ್ಲ. ಬದಲಿಗೆ ಎಲ್ಲೋ ಆಳದಲ್ಲಿ ಫುಸ್ ಫುಸ್ ಎಂದು, ಅರ್ಧ ತೆರೆದ ಬಾಗಿಲಿನಿಂದ ಗಾಳಿ ನುಸುಳುವ ಸದ್ದು. ಬಾಯಿ ಮುಚ್ಚಿಕೊಂಡಿದ್ದು ಸುಟ್ಟುಕೊಂಡು ಸಾಯುತ್ತೆ ಕಣೋ, ಎಂದಿದ್ದ ಅಪ್ಪ. ಹರ್ಕಬೀರ್ ತಟಕ್ಕನೆ ಮುಖ ಎತ್ತಿದ.

"ಬಹಿನಿ, ಆರಿಸು! ಮೊದಲು ಆರಿಸು!"

"ಯಾಕೆ ದಾಜು?"

"ಇವತ್ತು ಏನೂ ಕೇಳ್ಬೇಡ. ನಾಳೆ ಹೇಳ್ತೀನಿ."

ಆ ದಿನ ಅವನು ಮಟನ್ನಿನ ರಸವನ್ನೂ ಕುಡಿಯಲಿಲ್ಲ. ದೇವರ ಮುಂದೆ ಕೂತು ತನ್ನ ಹಲ್ಲನ್ನೇ ನೋಡುತ್ತಿದ್ದ. ಅದೂ ಅವನನ್ನೇ ನೋಡುತ್ತಿತ್ತು. ಫೂಲ್‌ಮತಿಗೆ ಗಂಡನಿಗೆ ಭಕ್ತಿ ಬಂತೆಂದು ಆಶ್ಚರ್ಯ.

ಮರುದಿನ ದೇವರನ್ನು ಹೊಳೆಗೆ ಬಿಟ್ಟು ಬಂದವನೇ ಹಲ್ಲು ಹಾಕಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಸ್ಟ್ಯಾಂಡಿಗೆ ಓಡಿದ. ಪಬಿತ್ರಾಳ ಗಾಡಿಯನ್ನು ತಾನೇ ಶುರು ಮಾಡಿ ಕಚ್ಚಿದ: ಟಿಕ್ ಟಿಕ್ ಟಿಕ್. ಹಲ್ಲು ತೆಗೆದು ಬರೀ ಒಸಡಿನಲ್ಲಿ ಕಚ್ಚಿದ: ಫುಸ್ ಫುಸ್. ಹಾಕಿದ, ಟಿಕ್ ಟಿಕ್. ತೆಗೆದ, ಫುಸ್. ಕಳ್ಳ ಸಿಕ್ಕಿಬಿದ್ದಿದ್ದ. ಕಳ್ಳನನ್ನು ಬಾಯಲ್ಲಿಟ್ಟುಕೊಂಡೇ ಊರೆಲ್ಲ ಹುಡುಕಿದ್ದ ಮಹಾನುಭಾವ!

ಸದ್ದಿಲ್ಲದೆ ಟ್ಯಾಪೆಟ್ ಸಡಿಲ ಮಾಡಿ, ದೇವರ ದಯೆ ಸರಿಹೋಯ್ತು ಎಂದುಬಿಟ್ಟರೆ ಹೇಗೆ ಎಂದೂ ಒಂದು ಗಳಿಗೆ ಅನ್ನಿಸಿತು. ಅವನೂ ಮನುಷ್ಯನೇ. ಅಷ್ಟರಲ್ಲಿ ಲಾರಿ ಬಂತು. ಇಂಜಿನ್ ಎತ್ತಲು ಕುಸಾಂಗ್ ಮತ್ತು ನಾಲ್ಕಾರು ಡ್ರೈವರುಗಳು ಸರಪಳಿ, ಮರದ ಮುಕ್ಕಾಲಿ ಹೊತ್ತು ಬಂದರು. ಪಬಿತ್ರಾ ಬಂದು ಕೈ ಕಟ್ಟಿಕೊಂಡು ಒಂದು ಪಕ್ಕ ನಿಂತಳು.

"ನಿಲ್ಲಿಸ್ರೋ" ಎಂದ ಹರ್ಕಬೀರ್.

"ಅಳಬೇಡ ಕಾಕಾ, ಇಂಜಿನ್ನಿಗೆ ನಾವೇ ಎಳ್ಳುನೀರು ಬಿಡ್ತೀವಿ" ಎಂದ ಕುಸಾಂಗ್. ಎಲ್ಲರೂ ನಕ್ಕರು.

ಹರ್ಕಬೀರ್ ಬಾಯಿಂದ ಹಲ್ಲಿನ ಸೆಟ್ಟು ತೆಗೆದ. ಮೇಲಿನದು ಕೆಳಗಿನದು ಒಂದಕ್ಕೊಂದು ತಾಗುವ ಹಾಗೆ ಅಂಗೈಯಲ್ಲಿಟ್ಟು, ಓಡುತ್ತಿದ್ದ ಗಾಡಿಯ ಬಾನೆಟ್ಟಿನ ಮೇಲೆ ಆ ಕೈಯನ್ನು ಊರಿದ. ಕಟಕಟಕಟಕಟ! ಚಳಿಯಲ್ಲಿ ನಡುಗುವವನ ಹಾಗೆ ಹಲ್ಲುಗಳು ಎಲ್ಲರ ಕಣ್ಣೆದುರೇ ಬಡಿದುಕೊಂಡವು.

"ನಾನು ಕೇಳಿದ್ದು ಇದನ್ನ" ಎಂದ ಬೊಚ್ಚುಬಾಯಲ್ಲಿ. "ನಿಮ್ಮ ಗಾಡೀಲಿ ಏನೂ ಇರ್ಲಿಲ್ಲ. ಬಂಕಿನ ಎಣ್ಣೆನೂ ಸರಿ, ಇಂಜಿನ್ ಆಯಿಲ್ಲೂ ಸರಿ. ಎಲ್ಲಾ ಇಂಜಿನ್ನಿನ ಕತ್ತು ಹಿಚುಕಿದ್ದು ನಾನೇ."

ಆಮೇಲೆ ಎದ್ದ ನಗು ಚಿತ್ರೆಯವರೆಗೂ ಕೇಳಿಸಿರಬೇಕು. ಕುಸಾಂಗ್ ಸರಪಳಿ ಬಿಟ್ಟು ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡ. ಲಾರಿಯವನು ನಗಲಿಲ್ಲ. "ಹಲ್ಲು ಕೇಳಿ ಇಂಜಿನ್ ಇಳಿಸೋ ಊರಿಗೆ ಇನ್ನೊಂದು ಸಲ ಲೋಡು ತಂದ್ರೆ ನನ್ನ ಹೆಸರು ಬದಲಾಯಿಸಿ" ಎಂದು ಬೀಡಿ ಹಚ್ಚಿದ. ಪಬಿತ್ರಾ ಕೂಡ ನಗಲಿಲ್ಲ.

"ಬದುಕುತ್ತಾ?" ಎಂದಳು.

"ಸುಟ್ಟಿಲ್ಲದಿದ್ರೆ ಬದುಕುತ್ತೆ."

"ಸುಟ್ಟಿದ್ರೆ?"

"ಸುಟ್ಟಿದ್ರೆ ನಾನು ಇನ್ಮೇಲೆ ಸ್ಪ್ಯಾನರು ಮುಟ್ಟಲ್ಲ ಬಹಿನಿ."

ಇಂಜಿನ್ ತಣಿಯಲು ಬಿಟ್ಟು, ಮುಚ್ಚಳ ತೆಗೆದು, ಒಂದೊಂದು ಸಂದನ್ನೂ ಬಾ ಹೇಳಿಕೊಟ್ಟ ಅಳತೆಗೆ ತಂದ. ಫಿಲ್ಲರು ಪಟ್ಟಿ ತೀರಾ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ, ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕು. ಆಮೇಲೆ ಗಾಡಿಯ ಮುಂದೆ ಬಗ್ಗಿ, ಹ್ಯಾಂಡಲು ಹಾಕಿ ನಿಧಾನಕ್ಕೆ ತಿರುಗಿಸಿದ. ಒಳಗೆ ಬಾಗಿಲು ಸರಿಯಾಗಿ ಮುಚ್ಚಿದರೆ ಪ್ರತಿಯೊಂದು ಸಿಲಿಂಡರೂ ಕೈಯನ್ನು ಹಿಂದಕ್ಕೆ ತಳ್ಳಬೇಕು. ಮೊದಲನೆಯದು ತಳ್ಳಿತು. ಮುಂದಿನದೂ ತಳ್ಳಿತು. ಅದರ ಮುಂದಿನದು ಕೊಂಚ ಮೆತ್ತಗೆ, ಆದರೂ ತಳ್ಳಿತು. ಕೊನೆಯದು ಅವನ ಮೊಣಕೈಯನ್ನೇ ಎತ್ತಿಬಿಟ್ಟಿತು. "ಭೇಷ್ ನನ್ನಪ್ಪಾ!" ಎಂದು ಹರ್ಕಬೀರ್ ಕಿರುಚಿದ್ದು ಇಂಜಿನ್ನಿಗೋ ಅಪ್ಪನಿಗೋ, ಯಾರಿಗೆ ಗೊತ್ತು.

ಪಬಿತ್ರಾ ಗಾಡಿ ಶುರು ಮಾಡಿದಳು. ಮೆಲ್ಲನೆಯ ಗೊಣಗಾಟ ಮರಳಿ ಬಂದಿತ್ತು. ಹರ್ಕಬೀರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರೆಯ ಏರಿಗೆ ತಿರುಗಿಸಿದಳು. ಕಲ್ಲುಹಾಸಿನ ತಿರುವು, ಅದರ ಮೇಲಿನ ತಿರುವು, ಬಾಬು ಕೂತಿದ್ದ ತಿರುವು. ಎಲ್ಲೂ ಸೀನಲಿಲ್ಲ, ನಿಲ್ಲಲಿಲ್ಲ. ಮೇಲೆ ಮಂಜಿನಲ್ಲಿ ಗಾಡಿ ನಿಲ್ಲಿಸಿ, ಮುಂದೆ ನೋಡುತ್ತಲೇ ಅವಳು ಹೇಳಿದಳು: "ನಂಗೆ ಏನೂ ಕೇಳಿಸ್ತಿಲ್ಲ ಅಂತ ಅವತ್ತೇ ಹೇಳಿದ್ದೆ."

"ಹೇಳಿದ್ದೆ."

"ನಿನ್ನ ಕಿವಿಗಿಂತ ನನ್ನ ಕಿವಿ ಚೆನ್ನಾಗಿದೆ."

"ಇದೆ ಬಹಿನಿ."

ಅಷ್ಟೇ ಮಾತು. ಅವಳು ಗಾಡಿ ತಿರುಗಿಸಿ ಬೆಟ್ಟ ಇಳಿಸಿದಳು. ಹರ್ಕಬೀರ್ ಮನೆಗೆ ಹೋಗಿ ಕೂತ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು. ಚುರ್ಪಿಗೆ ಹೋದದ್ದು ಯಾವ ಪ್ರಾಣಿ ಕೊಟ್ಟರೆ ಬಂದೀತು? ಹಿಚುಕಿದ ಕತ್ತುಗಳನ್ನು ಬಿಡಿಸಿಕೊಳ್ಳಲು ಡ್ರೈವರುಗಳು ಪಕ್ಕದೂರು ಸುಕಿಯಾಪೋಖ್ರಿಯ ಇನ್ನೊಬ್ಬ ಮಿಸ್ತ್ರಿಯ ಬಳಿ ಹೋಗುತ್ತಾರೆ, ಹೋಗಲೇಬೇಕು, ತಾನಾದರೂ ಹೋಗುತ್ತಿದ್ದೆ ಎಂದುಕೊಂಡ. ಫೂಲ್‌ಮತಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡಿದ್ದಳು. ಅದರಿಂದ ಅವನಿಗೆ ಇನ್ನೂ ಭಯವಾಯಿತು.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಹಾರ್ನ್ ಕೇಳಿಸಿತು. ಅವನ ಕಿವಿಗೇ ಕೇಳಿಸಿತು ಎಂದರೆ ಎಷ್ಟು ಜೋರಾಗಿ ಹೊಡೆದಿರಬೇಕು! ಹೊರಗೆ ಬಂದು ನೋಡಿದರೆ ಕುಸಾಂಗನ ಗಾಡಿ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಎಲ್ಲ ಬಾನೆಟ್ ಎತ್ತಿಕೊಂಡು ನಿಂತಿದ್ದವು. ಮುಂದೆ ಪಬಿತ್ರಾ. ಅವಳ ಕೈಯಲ್ಲಿ ಹೊಸ ಸ್ಟೀಲಿನ ಲೋಟ, ಅಂಚಿಗೆ ತಂತಿ ಕಟ್ಟಿ ಗಾಡಿಗೆ ನೇತುಹಾಕಲು ಕೊಕ್ಕೆ ಮಾಡಿದ್ದಳು. ಒಳಗೆ ಉಗುರುಬೆಚ್ಚಗಿನ ನೀರು.

"ತೆಗಿ ಕಾಕಾ" ಎಂದು ಕೂಗಿದ ಕುಸಾಂಗ್ ಹಿಂದಿನಿಂದ. "ಬೇಗ ತೆಗಿ, ಪ್ರವಾಸಿಗರು ಕಾಯ್ತಿದ್ದಾರೆ!"

ಪಬಿತ್ರಾ ಲೋಟವನ್ನು ಅವನ ಗದ್ದದ ಕೆಳಗೆ ಹಿಡಿದಳು. "ಮೊದಲು ಹಲ್ಲು ಇದರೊಳಗೆ ಹಾಕು ದಾಜು" ಎಂದಳು. "ಆಮೇಲೆ ಕೇಳು."